ಮಿಕ್ಕ ಮಾತ್ರೆಗಳು

ಹಂಗಳ ಊರಿನಲ್ಲಿ ಯಾರಿಗೆ ಜ್ವರ, ಕೆಮ್ಮು ಬಂದರೂ ಮೊದಲು ನೆನಪಾಗುತ್ತಿದ್ದವಳು ಶಶಿರೇಖಾ. ಗಂಡನಿಗೋ ಮಕ್ಕಳಿಗೋ ಡಾಕ್ಟರು ಬರೆದುಕೊಟ್ಟ ಮಾತ್ರೆಗಳನ್ನು ಜ್ವರ ಬಿಟ್ಟ ಕೂಡಲೇ ನಿಲ್ಲಿಸಿ, ಮಿಕ್ಕದ್ದನ್ನು ಅಡುಗೆಮನೆಯ ಗೂಡಿನಲ್ಲಿ ಎತ್ತಿಡುತ್ತಿದ್ದಳು. ಕೇಳಿಕೊಂಡು ಬಂದವರಿಗೆ ಅದರಲ್ಲೇ ಎರಡೆರಡು ಕೊಡುತ್ತಿದ್ದಳು. ಜನ ಹರಸಿ ಹೋಗುತ್ತಿದ್ದರು. ಅದು ಅವಳಿಗೆ ಹಿತವಾಗಿತ್ತು.

ಎಲ್ಲರಿಗಿಂತ ಹೆಚ್ಚು ಮಾತ್ರೆ ನುಂಗಿದವಳು ಸಣ್ಣತಾಯಮ್ಮ. ಶಶಿರೇಖಾಳ ಹೊಲದಲ್ಲಿ ಚೆಂಡುಹೂ ಬಿಡಿಸಲು ಬರುತ್ತಿದ್ದ ಅವಳಿಗೆ ಆಗಾಗ ಕೆಮ್ಮು ಬರುತ್ತಿತ್ತು. ಆಸ್ಪತ್ರೆಗೆ ಹೋದರೆ ಆ ದಿನದ ಕೆಲಸ ಕೆಡುತ್ತಿತ್ತು. ಹೂ ಬಿಡಿಸುವ ಕಾಲದಲ್ಲಿ ಕೆಲಸ ಕೆಡುವುದು ಶಶಿರೇಖಾಳಿಗೂ ಬೇಕಿರಲಿಲ್ಲ.

ಈ ಸಲ ಮಾತ್ರೆಗೆ ಕೆಮ್ಮು ಬಗ್ಗಲಿಲ್ಲ. ಸಣ್ಣತಾಯಮ್ಮನಿಗೆ ಉಸಿರಾಡುವುದೇ ಕಷ್ಟವಾದಾಗ ಶಶಿರೇಖಾ ಬಾಡಿಗೆ ಕಾರು ಮಾಡಿಕೊಂಡು ಚಾಮರಾಜನಗರದ ಆಸ್ಪತ್ರೆಗೆ ಕರೆದೊಯ್ದಳು.

ಡಾಕ್ಟರ್ ರಘುನಾಥ ಎಕ್ಸ್‌-ರೇ ನೋಡಿ, ನ್ಯುಮೋನಿಯಾ ಅಂದರು. "ಇತ್ತೀಚೆಗೆ ಯಾವುದಾದ್ರೂ ಮಾತ್ರೆ ತಗೊಂಡಿದ್ರಾ?"

ಸಣ್ಣತಾಯಮ್ಮ ಒಮ್ಮೆ ಶಶಿರೇಖಾಳ ಮುಖ ನೋಡಿದಳು. "ಇಲ್ಲ ಸ್ವಾಮಿ. ಏನೂ ತಕಂಡಿಲ್ಲ."

ಅದು ತನ್ನ ಹೆಸರು ಉಳಿಸಲು ಹೇಳಿದ ಸುಳ್ಳೆಂದು ಶಶಿರೇಖಾಳಿಗೆ ತಿಳಿಯಿತು. ನಿಜ ಹೇಳಬೇಕೆಂದುಕೊಂಡಳು. ಅಷ್ಟರಲ್ಲಿ ಡಾಕ್ಟರು ಅವಳತ್ತ ತಿರುಗಿ, "ಕೆಲಸದವರನ್ನ ಇಷ್ಟು ಕಾಳಜಿಯಿಂದ ಕರ್ಕೊಂಡು ಬರೋರು ಕಡಿಮೆ" ಅಂದರು. ಅವಳು ಸುಮ್ಮನಾಗಿಬಿಟ್ಟಳು.

ನ್ಯುಮೋನಿಯಾಕ್ಕೆ ಕೊಡುವ ಎಂದಿನ ಔಷಧಿ ಶುರುವಾಯಿತು. ಜ್ವರ ಇಳಿಯಲಿಲ್ಲ. ಆಮ್ಲಜನಕ ಹಾಕಬೇಕಾಯಿತು. ಕಫದ ಪರೀಕ್ಷೆಯ ವರದಿ ಬಂದ ದಿನ ಡಾಕ್ಟರು ಹಾಸಿಗೆಯ ಪಕ್ಕ ನಿಂತು ಹೇಳಿದರು: "ನಾವು ಕೊಡ್ತಿರೋ ಔಷಧಿಗೆ ಈ ಬ್ಯಾಕ್ಟೀರಿಯಾ ಸಾಯ್ತಿಲ್ಲ. ಆ್ಯಂಟಿಬಯಾಟಿಕ್ ಮಾತ್ರೆ ಅರ್ಧಂಬರ್ಧ ತಿಂದು ಬಿಡ್ತಾ ಇದ್ರೆ ಹೀಗಾಗಬಹುದು. ಮೆತ್ತಗಿರೋವು ಸಾಯ್ತವೆ, ಗಟ್ಟಿಯಾದವು ಉಳ್ಕೊಂಡು ಬೆಳೀತವೆ. ಬೇರೆ ಇಂಜೆಕ್ಷನ್ ಹಾಕ್ತೀನಿ."

"ಮಾತ್ರೆ ಕೊಟ್ಟೋಳು ನಾನೇ ಡಾಕ್ಟ್ರೇ" ಅಂದಳು ಶಶಿರೇಖಾ. "ಈಗ ಮಾತ್ರ ಅಲ್ಲ. ಕೆಮ್ಮು ಬಂದಾಗೆಲ್ಲ ಕೊಡ್ತಿದ್ದೆ."

ಅವರು ಬೈಯಲಿಲ್ಲ. "ಮೊದಲ ದಿನವೇ ಹೇಳಿದ್ರೆ ಬೇರೆ ಔಷಧಿ ಯೋಚನೆ ಮಾಡ್ತಿದ್ದೆ" ಎಂದಷ್ಟೇ ಹೇಳಿ ಮುಂದಿನ ಹಾಸಿಗೆಗೆ ಹೋದರು. ಶಶಿರೇಖಾಳಿಗೆ ತಲೆಯೆತ್ತಲಾಗಲಿಲ್ಲ.

ಹೊಸ ಔಷಧಿಗೆ ಸಣ್ಣತಾಯಮ್ಮ ನಿಧಾನವಾಗಿ ಚೇತರಿಸಿಕೊಂಡಳು. ಊರಿಗೆ ಮರಳಿದ ಮೇಲೆ ಶಶಿರೇಖಾ ಅವಳ ಮನೆಗೆ ಹೋದಳು. ಇಷ್ಟು ವರ್ಷದಲ್ಲಿ ಆ ಬೀದಿಗೆ ಕಾಲಿಟ್ಟಿದ್ದು ಅದೇ ಮೊದಲು. ಕಂಬಳಿ ಹೊದ್ದು ಜಗಲಿಯಲ್ಲಿ ಕೂತಿದ್ದ ಸಣ್ಣತಾಯಮ್ಮ ಏಳಲು ಹೋಗಿ ಏದುಸಿರು ಬಿಟ್ಟಳು.

"ಕೂತ್ಕೊ. ನನ್ನಿಂದಲೇ ನಿಂಗೆ ಹಿಂಗಾಯ್ತು."

"ನಾನ್ ಕೇಳ್ದೆ, ನೀವ್ ಕೊಟ್ರಿ. ಬುಡಿ ಅಕ್ಕಾವ್ರೆ."

ಅಷ್ಟು ಸಲೀಸಾಗಿ ಸಿಕ್ಕ ಕ್ಷಮೆಯಿಂದ ಶಶಿರೇಖಾಳ ನಾಚಿಕೆ ಇನ್ನೂ ಹೆಚ್ಚಿತು.

ಅವಳು ಬಂದದ್ದು ತಿಳಿದು ಪಕ್ಕದ ಮನೆಯ ಶಿವಮ್ಮ ಮೊಮ್ಮಗಳನ್ನು ಎತ್ತಿಕೊಂಡು ಬಂದಳು. "ಮಗಿಗೆ ಕೆಮ್ಮು ಕಣಕ್ಕಾವ್ರೆ. ಒಂದೆಲ್ಡು ಮಾತ್ರೆ ಇದ್ರೆ ಕೊಡಿ."

"ಕೊಡಲ್ಲ ಶಿವಮ್ಮ. ಇವಳ ಕಾಯಿಲೆ ಇಷ್ಟು ಜೋರಾಗಿದ್ದು ನಾನು ಕೊಟ್ಟ ಮಾತ್ರೆಯಿಂದಲೇ."

ಶಿವಮ್ಮನ ಮುಖ ಸಪ್ಪಗಾಯಿತು. ಕೊಡಲು ಮನಸ್ಸಿಲ್ಲದೆ ಹೇಳಿದ ನೆಪ ಎಂದುಕೊಂಡಳೇನೋ. "ಆಗ್ಲಿ ಬುಡಿ" ಎಂದು ಹೊರಟಳು.

"ನಿಲ್ಲು. ಗುಂಡ್ಲುಪೇಟೆ ಆಸ್ಪತ್ರೆಗೆ ತೋರಿಸನ. ನಾನೂ ಬತ್ತೀನಿ."

ಇಬ್ಬರೂ ಬಸ್ಸು ಹತ್ತಿದರು. ಮಗು ಕೆಮ್ಮುತ್ತಲೇ ಇತ್ತು. ಊರು ದಾಟಿದ ಮೇಲೆ ಶಿವಮ್ಮ ತಗ್ಗಿದ ದನಿಯಲ್ಲಿ ಕೇಳಿದಳು: "ಓದ ಸಲ ಮಗಿಗೆ ಕೊಟ್ಟಿದ್ರಲ್ಲ ಅಕ್ಕಾವ್ರೆ, ಅದೂ ಅದೇ ಮಾತ್ರೇನಾ?"

"ಹೂಂ, ಅದೇ" ಅಂದಳು ಶಶಿರೇಖಾ. "ಡಾಕ್ಟ್ರಿಗೆ ನಾನೇ ಹೇಳ್ತೀನಿ."

ಶಿವಮ್ಮ ಮಗುವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು ಕಿಟಕಿಯತ್ತ ತಿರುಗಿ ಕೂತಳು.