ಚಿಕ್ಕತಾಯಿಯ ಎಲೆ

ನನ್ನ ಒಲೆ ಬೇರೆ. ಅತ್ತೆ-ಸೊಸೆ ಜಗಳವಾಡಿ ಒಲೆ ಬೇರೆ ಮಾಡಿಕೊಂಡಿದ್ದಾರೆ ಎಂದು ಬೊಕ್ಕಾಪುರದ ಅರ್ಧ ಊರು ತಿಳಿದುಕೊಂಡಿದೆ. ತಿಳಿದುಕೊಳ್ಳಲಿ, ನನಗೇನು! ಎಷ್ಟು ಜನರಿಗೆ ಅಂತ ಬಿಡಿಸಿ ಹೇಳಲಿ? ಕೊಯಮತ್ತೂರಿನ ಡಾಕ್ಟರು ನನ್ನ ಕಾಯಿಲೆಗೆ ಸೀಲಿಯಾಕ್ ಎಂದು ಹೆಸರಿಟ್ಟರು. ಗೋಧಿ ಒಂದು ಚಿಟಿಕೆ ಒಳಗೆ ಹೋದರೂ ನನ್ನ ಕರುಳು ತನ್ನನ್ನು ತಾನೇ ಸುಲಿದುಕೊಳ್ಳುತ್ತದಂತೆ. ಅದರ ಬೆನ್ನಿಗೇ ಹಾಲು ಆಗದು, ಮೊಟ್ಟೆ ಆಗದು, ಕಡಲೆಕಾಯಿ ಆಗದು, ಸೋಯಾ ಆಗದು. "ಅಯ್ಯೋ, ಮತ್ತೆ ಏನ್ ತಿಂದು ಬದುಕ್ತೀಯವ್ವ?" ಎಂದು ಕೇಳುವವರಿಗೆ "ನಿಮ್ಮ ತಲೆ" ಎನ್ನಬೇಕು ಅನ್ನಿಸುತ್ತದೆ. ಒಂದೆರಡು ಸಲ ಅಂದಿದ್ದೂ ಉಂಟು.

ಹದಿನಾಲ್ಕು ತಿಂಗಳಿಂದ ನಾನು ಯಾರ ಜೊತೆಗೂ ಕೂತು ಉಂಡಿಲ್ಲ. ನನ್ನ ಪಾತ್ರೆಗಳ ಕಿವಿಗೆ ಕೆಂಪು ದಾರ ಕಟ್ಟಿದ್ದೇನೆ. ಮಸಿನಗುಡಿಯ ಮಿಲ್ಲಿನಲ್ಲಿ ಗೋಧಿ ಬೀಸಿದ ಕಲ್ಲಿಗೇ ರಾಗಿಯನ್ನೂ ಸುರಿಯುತ್ತಾರೆಂದು ಮನೆಯ ಹಳೇ ಬೀಸುಕಲ್ಲು ತೊಳೆದು ನಾನೇ ಬೀಸುತ್ತೇನೆ. ಮದುವೆ ಮನೆಗೆ ಹೋದರೆ ನನ್ನ ಡಬ್ಬಿ ತೆಗೆದು ಗೋಡೆಯ ಕಡೆ ಮುಖ ಮಾಡಿ ಉಣ್ಣುತ್ತೇನೆ. ಇಷ್ಟೆಲ್ಲ ಮಾಡಿಯೂ ನಲವತ್ತೊಂದು ಕಿಲೋ ಇದ್ದವಳು ಮೂವತ್ತಾರಕ್ಕೆ ಇಳಿದೆ. ಹೋದ ತಿಂಗಳು ಡಾಕ್ಟರು ರಕ್ತದ ರಿಪೋರ್ಟು ನೋಡಿ, ಎಲ್ಲಿಂದಲೋ ಗೋಧಿ ಒಳಗೆ ಹೋಗುತ್ತಲೇ ಇದೆ, ಅದನ್ನು ಹುಡುಕಿ ನಿಲ್ಲಿಸದಿದ್ದರೆ ಇನ್ನಾರು ತಿಂಗಳಲ್ಲಿ ತಮ್ಮ ಕೈ ಮೀರುತ್ತದೆ ಎಂದರು.

ಎಲ್ಲಿಂದ ಎಂದು ನನಗೆ ಗೊತ್ತಿತ್ತು. ಅಥವಾ ಗೊತ್ತಿದೆ ಎಂದುಕೊಂಡಿದ್ದೆ. ನಮ್ಮತ್ತೆ ಪುಟ್ಟಲಿಂಗಮ್ಮನಿಗೆ ಗೋಧಿಯೆಂದರೆ ಶಕ್ತಿ. ರಾಗಿ ಗೇಯುವವರ ಊಟ, ಗೋಧಿ ಮಲಗಿದವರನ್ನು ಎಬ್ಬಿಸುವ ಊಟ ಎಂಬುದು ಅವರ ಲೆಕ್ಕ. "ಒಂದ್ ಲೋಟ ಗೋಧಿ ಗಂಜಿ ಕುಡುದ್ರೆ ಎದ್ದು ಕುಂತ್ಕತೀಯ ಕನವ್ವ" ಎಂದು ಎಷ್ಟು ಸಲ ಹೇಳಿದ್ದರೋ. ಒಮ್ಮೆ ನನ್ನ ಸಾರಿನ ಪಾತ್ರೆಯ ಮುಚ್ಚಳ ಓರೆಯಾಗಿತ್ತು. ಆಮೇಲೆ ನನಗೆ ನಿದ್ದೆಯೇ ಹತ್ತಲಿಲ್ಲ. ನನ್ನ ಗಂಡ ಪುಟ್ಟರಾಜು ರೆಸಾರ್ಟಿನ ಜೀಪು ಓಡಿಸುತ್ತಾನೆ. ಅವನ ಮುಂದೆ ಖಡಾಖಂಡಿತವಾಗಿ ಹೇಳಿದೆ: "ನಿಮ್ಮವ್ವ ನಂಗೆ ಗೋಧಿ ಹಾಕ್ತಾವ್ರೆ. ಅಮಾಸೆ ಕಳೀಲಿ, ಗುಂಡ್ಲುಪೇಟೆಗೆ ನಮ್ಮವ್ವನ ಮನೆಗೆ ಹೊಂಟೋಯ್ತೀನಿ. ಮತ್ತೆ ಕರೀಬ್ಯಾಡ." ಅವನು ಸ್ಟೇರಿಂಗಿನ ಮೇಲೆ ಹಣೆ ಇಟ್ಟುಕೊಂಡು ಕೂತ. ಪಾಪ ಅನ್ನಿಸಿತು. ಆದರೆ ಜೀವ ನನ್ನದಲ್ಲವೇ? ಬ್ಯಾಗು ತುಂಬಿಟ್ಟೆ.

ಅಮಾಸೆ ಎಂದರೆ ಮಹಾಲಯದ್ದು, ಹಿರಿಯರಿಗೆ ಎಡೆ ಇಡುವ ದಿನ. ಒಳಕೋಣೆಯಲ್ಲಿ ಸತ್ತವರಿಗೆ ಒಬ್ಬೊಬ್ಬರಿಗೆ ಒಂದೊಂದು ಬಾಳೆಲೆ ಹಾಕಿ, ಅವರು ಆಸೆಪಟ್ಟು ಉಣ್ಣುತ್ತಿದ್ದುದನ್ನು ಬಡಿಸಿ, ಹೊಸ ಬಟ್ಟೆ ಇಟ್ಟು, ದೀಪ ಹಚ್ಚಿ, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಬರುತ್ತೇವೆ. ಅವರು ಉಣ್ಣುವಷ್ಟು ಹೊತ್ತು ಬಿಟ್ಟು, ಬಾಗಿಲನ್ನು ಮೂರು ಸಲ ತಟ್ಟಿ, ಆಮೇಲೆ ತೆಗೆಯುತ್ತೇವೆ. ನಮ್ಮ ಮನೆಯಲ್ಲಿ ಎಡೆ ಮಧ್ಯಾಹ್ನ ನಾಲ್ಕಕ್ಕೇ. ಕತ್ತಲಾದ ಮೇಲೆ ಆನೆ ಬರುತ್ತವೆ, ಅವಕ್ಕೂ ಹಿರಿಯರಿಗೂ ದಾರಿಯಲ್ಲಿ ಗಲಾಟೆಯಾಗಬಾರದು ಎಂದು ಮಾವ ಮಾದಪ್ಪ ತಮಾಷೆ ಮಾಡುತ್ತಿದ್ದರು. ಈಗ ಅವರಿಗೂ ಒಂದು ಎಲೆ. ಇನ್ನೊಂದು ಅವರ ತಂಗಿ ಚಿಕ್ಕತಾಯಿಗೆ. ಹತ್ತೊಂಬತ್ತಕ್ಕೆ, ಮದುವೆಯಾಗದೆ, ಸೊರಗಿ ಸೊರಗಿ ಇದೇ ಮನೆಯಲ್ಲಿ ಸತ್ತವಳು. ನಲವತ್ನಾಲ್ಕು ವರ್ಷವಾಯಿತು.

ಚಿಕ್ಕತಾಯಿಯ ಎಲೆಗೆ ಗೋಧಿ ಪಾಯಸ ಆಗಲೇಬೇಕು. ಪ್ರತಿವರ್ಷ ಬಾಗಿಲು ತೆಗೆದಾಗ ಆ ಪಾಯಸದ ದೊನ್ನೆ ಎಲೆಯ ಆಚೆ ನೆಲದ ಮೇಲೆ ಬಿದ್ದಿರುತ್ತದೆ, ಪಾಯಸ ಚೆಲ್ಲಿರುತ್ತದೆ. ಕಿಟಕಿಗೆ ಮಂಗನ ಕಾಟಕ್ಕೆ ಜಾಲರಿ ಬಡಿದಿದೆ, ಇಲಿಯೂ ನುಸುಳುವುದಿಲ್ಲ. ಮದುವೆಯಾದ ವರ್ಷ ಅದನ್ನು ನೋಡಿ ನಾನು ಹೊಸಿಲಿನಿಂದ ಹಿಂದೆ ಸರಿದಿದ್ದೆ. ಅತ್ತೆ ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಂಡು, "ನೋಡು, ಆತುರಗಾರ್ತಿ, ಆಸೆಗೆ ಚೆಲ್ಕಂಡು ಉಂಡವ್ಳೆ. ಬರೋ ವರ್ಸ ಇನ್ನೊಂಚೂರು ಜಾಸ್ತಿ ಮಾಡದು" ಅನ್ನುತ್ತಾರೆ. ದೊನ್ನೆ ಹೋಗಿ ಬಟ್ಟಲಾಯಿತು, ಬಟ್ಟಲು ಹೋಗಿ ಈಗ ಸಣ್ಣ ತಂಬಿಗೆಯೇ ಆಗಿದೆ. ಅದೂ ಬೀಳುತ್ತದೆ.

ನಾನು ಮಸಿನಗುಡಿಯಲ್ಲಿ ಟೈಲರ್ ಅಂಗಡಿ ಇಟ್ಟಿರುವುದರಿಂದ ಚಿಕ್ಕತಾಯಿಗೆ ವರ್ಷ ವರ್ಷ ಹೊಸ ರವಿಕೆ ಹೊಲಿಯುವ ಕೆಲಸ ನನ್ನದು. ಅಳತೆಗೆ ಅವಳದೇ ಹಳೇ ರವಿಕೆ ಪೆಟ್ಟಿಗೆಯಲ್ಲಿದೆ. ಮೊದಲ ವರ್ಷ ತಮಾಷೆಗೆ ತೋಳು ಹಾಕಿ ನೋಡಿದ್ದೆ, ಮೊಣಕೈ ದಾಟಿರಲಿಲ್ಲ. ಈ ಸಲ ಅಮಾಸೆಯ ಹಿಂದಿನ ದಿನ ಹೊಸ ರವಿಕೆಗೆ ಕೊಕ್ಕೆ ಹಾಕಿ ಮುಗಿಸಿದವಳು, ಯಾಕೋ, ಮತ್ತೆ ತೋಳು ಹಾಕಿದೆ. ಸರಾಗವಾಗಿ ಹೋಯಿತು. ಇನ್ನೊಂದು ತೋಳೂ ಹೋಯಿತು. ಕೊಕ್ಕೆ ಹಾಕಿದೆ. ಎಲ್ಲೂ ಬಿಗಿಯಿಲ್ಲ, ಎಲ್ಲೂ ಸಡಿಲವಿಲ್ಲ. ನನಗೇ ಅಳತೆ ತೆಗೆದು ಹೊಲಿದ ಹಾಗಿತ್ತು.

ಬಾಗಿಲಲ್ಲಿ ಅತ್ತೆ ನಿಂತಿದ್ದರು. ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟರು.

"ಬಿಚ್ಚು ಮಗಾ," ಎಂದರು. "ಬಿಚ್ಚವ್ವ ಅದ. ಥೇಟ್ ಅವಳೇ ನಿಂತಂಗದೆ."

ಬಿಚ್ಚಿದೆ. ನನಗೂ ಹೆದರಿಕೆಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಹೆದರಿದಾಗ ನನಗೆ ಮೊದಲು ಬರುವುದು ಸಿಟ್ಟು. "ಅವಳಿಗೆ ಏನಾಗಿತ್ತು ಅತ್ತೆ? ಇಷ್ಟು ವರ್ಸ ಸೊರಗಿದ್ಲು ಸೊರಗಿದ್ಲು ಅಂತೀರಲ್ಲ, ಏನಾಗಿತ್ತು ಯೋಳಿ," ಎಂದು ಗದರಿಸಿಯೇ ಕೇಳಿದೆ.

ಅತ್ತೆ ಹೊಸಿಲ ಮೇಲೇ ಕೂತರು. ಆಗ ಅವರಿಗೂ ಹದಿನೆಂಟೇ, ಹೊಸದಾಗಿ ಬಂದ ಸೊಸೆ. ಚಿಕ್ಕತಾಯಿಗೆ ಉಂಡದ್ದು ನಿಲ್ಲುತ್ತಿರಲಿಲ್ಲವಂತೆ. ಹೊಟ್ಟೆ ಉಬ್ಬರ, ಬಾಯಲ್ಲಿ ಹುಣ್ಣು, ಬಾಚಿದರೆ ಕೈತುಂಬ ಕೂದಲು. ಸರ್ಕಾರಿ ಆಸ್ಪತ್ರೆಯಲ್ಲಿ ಶಕ್ತಿ ಬರುವುದೇನಾದರೂ ಕೊಡಿ ಎಂದರಂತೆ. ಮನೆಯವರೆಲ್ಲ ರಾಗಿ ಉಣ್ಣುವಾಗ ಅವಳಿಗೆ ಮಾತ್ರ ಗೂಡಲೂರಿಂದ ಗೋಧಿ ತರಿಸಿ ಮೂರು ಹೊತ್ತು ಗಂಜಿ, ಪಾಯಸ.

"ಕೊಟ್ಟಷ್ಟೂ ಇಳುದ್ಲು ಕನವ್ವ. ಇಳುದಷ್ಟೂ ಕೊಟ್ಟೊ."

ಅವರು ಹೇಳಿದ ಒಂದೊಂದೂ ನನ್ನ ರಿಪೋರ್ಟಿನಲ್ಲಿ ಬರೆದದ್ದೇ. ನೆಲದ ಮೇಲೆ ಬಿದ್ದಿರುತ್ತಿದ್ದ ದೊನ್ನೆ ಕಣ್ಣ ಮುಂದೆ ಬಂತು. ಅದು ಆಸೆಗೆ ಚೆಲ್ಲಿದ್ದಲ್ಲ. ಬೇಡವಾದ ತಟ್ಟೆಯನ್ನು ನಾನೂ ಹಾಗೇ ತಳ್ಳುತ್ತೇನೆ.

"ನಾಳೆ ಚಿಕ್ಕತಾಯಿ ಎಲೆಗೆ ಗೋಧಿ ಬ್ಯಾಡ. ಅವಳ ಅಡುಗೆ ನನ್ನ ಒಲೇಲಿ ನಾನೇ ಮಾಡ್ತೀನಿ," ಎಂದೆ.

"ಸತ್ತೋಳ ಆಸೆ ತಪ್ಪುಸ್ತೀಯಾ? ಮನೇಗೆ ಒಳ್ಳೇದಾದದಾ?"

"ಇದೊಂದು ವರ್ಸ ನನ್ನ ಮಾತು ಕೇಳಿ ಅತ್ತೆ. ನಾಡಿದ್ದು ಹೆಂಗೂ ಇರಲ್ಲ ನಾನು." ನನ್ನ ಬ್ಯಾಗನ್ನು ಅವರೂ ನೋಡಿದ್ದರು.

ಮರುದಿನ ಬೆಳಿಗ್ಗೆಯಿಂದ ಬೆಟ್ಟದ ಮಂಜು ಅಂಗಳದವರೆಗೂ ಇಳಿದಿತ್ತು. ಕೆಂಪು ದಾರದ ಪಾತ್ರೆಗಳನ್ನೆಲ್ಲ ಮತ್ತೊಮ್ಮೆ ಬೂದಿ ಹಾಕಿ ತಿಕ್ಕಿದೆ. ರಾಗಿಮುದ್ದೆ, ಅನ್ನ, ಕುಂಬಳಕಾಯಿ ಪಲ್ಯ, ಹುರುಳಿಕಾಳಿನ ಸಾರು, ತೆಂಗಿನ ಹಾಲಿನಲ್ಲಿ ಅಕ್ಕಿ ಪಾಯಸ. ನಾನು ದಿನಾ ಉಣ್ಣುವುದೇ ಇವನ್ನು. ಅತ್ತೆಯನ್ನು ನನ್ನ ಒಲೆಯ ಕಡೆ ಸುಳಿಯಲೂ ಬಿಡಲಿಲ್ಲ. ಪುಟ್ಟರಾಜು ನೀರು ತಂದುಕೊಡಲು ಬಂದರೆ "ಕೈ ತೊಳ್ದಾ?" ಎಂದು ಎರಡು ಸಲ ಕೇಳಿ ಬೈಸಿಕೊಂಡೆ. ನಾಲ್ಕಕ್ಕೆ ಎಲೆ ಹಾಕಿದೆವು. ಮಾವನ ಎಲೆಗೆ ಅತ್ತೆಯ ಅಡುಗೆ, ಚಿಕ್ಕತಾಯಿಯದಕ್ಕೆ ನನ್ನದು. ಪಕ್ಕದಲ್ಲಿ ರವಿಕೆ. ದೀಪ ಹಚ್ಚಿ, ಬಾಗಿಲು ಮುಚ್ಚಿ, ಚಿಲಕ ಹಾಕಿ, ಮೂವರೂ ಹಜಾರದಲ್ಲಿ ಕೂತೆವು.

ಸುಮಾರು ಹೊತ್ತಿನ ಮೇಲೆ ಒಳಗಿನಿಂದ ಒಂದು ಶಬ್ದ ಕೇಳಿತು. ಬಟ್ಟಲು ನೆಲದ ಮೇಲೆ ನಿಧಾನವಾಗಿ ಜರುಗಿದ ಶಬ್ದ. ಬಿದ್ದದ್ದಲ್ಲ, ಜರುಗಿದ್ದು. ಪುಟ್ಟರಾಜು ನನ್ನ ಕೈ ಹಿಡಿದ.

ಅತ್ತೆ ಮೂರು ಸಲ ತಟ್ಟಿ ಬಾಗಿಲು ತೆಗೆದರು. ಚಿಕ್ಕತಾಯಿಯ ಎಲೆಯಲ್ಲಿ ಮುದ್ದೆಯ ಒಂದು ಬದಿ ಇರಲಿಲ್ಲ. ಅನ್ನದಲ್ಲಿ ನಾಲ್ಕು ಬೆರಳಿನ ಗುಳಿ. ಪಲ್ಯ ಅರ್ಧ ಖಾಲಿ, ಪಾಯಸದ ದೊನ್ನೆ ಪೂರ್ತಿ ಖಾಲಿ. ಸಾರಿನ ಬಟ್ಟಲು ಮಾತ್ರ ಎಲೆ ಬಿಟ್ಟು ಗೋಡೆಯವರೆಗೂ ಹೋಗಿತ್ತು. ಒಂದು ತೊಟ್ಟೂ ಮುಟ್ಟಿರಲಿಲ್ಲ.

"ಗೋಧಿ ಇಲ್ದಿದ್ಕೆ ಮುನುಸ್ಕಂಡವ್ಳೆ," ಎಂದು ಅತ್ತೆ ಅಳುವ ದನಿಯಲ್ಲಿ ಅಂದರು.

"ಮುನಿಸಿದ್ರೆ ಪಾಯಸ ಯಾಕೆ ಉಂಡ್ಲು?" ಎಂದು ರೇಗಿದೆ. ಮೈಯೆಲ್ಲ ಉರಿದುಹೋಯಿತು. ನನ್ನ ಒಲೆ, ನನ್ನ ಪಾತ್ರೆ, ನನ್ನ ಕೈ! ಬೇರೆ ಯಾರೂ ಹತ್ತಿರ ಸುಳಿಯದ ಸಾರನ್ನು ಇವಳು ತಳ್ಳುವುದೆಂದರೇನು? ಇದೇ ಸಾರನ್ನು ನಾನು ವಾರಕ್ಕೆ ನಾಲ್ಕು ದಿನ ಉಣ್ಣುತ್ತೇನೆ.

ಹೌದು, ಉಣ್ಣುತ್ತೇನೆ.

ಅಡುಗೆಮನೆಗೆ ಓಡಿದೆ. ಸಾರಿಗೆ ಹಾಕಿದ್ದನ್ನೆಲ್ಲ ಒಂದೊಂದಾಗಿ ಮುಂದಿಟ್ಟೆ. ಹುರುಳಿ ನಾನೇ ಆರಿಸಿದ್ದು. ಹುಣಸೆ, ಉಪ್ಪು ಪಲ್ಯಕ್ಕೂ ಬಿದ್ದಿವೆ. ಖಾರದ ಪುಡಿ ನಾನೇ ಕುಟ್ಟಿದ್ದು. ಒಗ್ಗರಣೆಯ ಸಾಸಿವೆ ಪಲ್ಯಕ್ಕೂ ಇದೆ. ಅವು ಬಿಟ್ಟರೆ ಸಾರಿನಲ್ಲಿದ್ದು ಬೇರೆ ಯಾವುದರಲ್ಲೂ ಇಲ್ಲದ್ದು ಒಂದೇ, ಇಂಗು. ಅಂಗಡಿಯಿಂದ ತಂದ ಕೂಡಲೇ ನನ್ನ ಸ್ಟೀಲ್ ಡಬ್ಬಿಗೆ ಸುರಿದು ಅದರ ಡಬ್ಬ ಬಿಸಾಡುತ್ತಿದ್ದೆ. ಹೊರಗಿನ ಡಬ್ಬ ನನ್ನ ಕಪಾಟಿಗೆ ಬರಬಾರದೆಂಬ ಮಡಿ ನನ್ನದು! ಕಸದ ಬುಟ್ಟಿ ಬೋರಲು ಹಾಕಿ ಮೊನ್ನೆ ಎಸೆದ ಡಬ್ಬ ಹುಡುಕಿದೆ. ಸಾಸಿವೆಗಿಂತ ಸಣ್ಣ ಅಕ್ಷರ. ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿದೆ. ಅಂಟು, ಗೋಧಿ ಹಿಟ್ಟು, ಎಣ್ಣೆ. ಇಂಗಿಗಿಂತ ಹಿಟ್ಟೇ ಹೆಚ್ಚು.

ಹೊಟ್ಟೆಗೆ ಒಳ್ಳೆಯದೆಂದು ನಾನೇ ಹಾಕಿಕೊಳ್ಳುತ್ತಿದ್ದೆ. ಉಬ್ಬರವೆಂದರೆ ಒಂದು ಚಿಟಿಕೆ ಜಾಸ್ತಿ, ನೋವೆಂದರೆ ಬಿಸಿನೀರಿಗೆ ಕದಡಿ ಒಂದು ಲೋಟ. ನಮ್ಮವ್ವನೂ ಹಾಗೇ ಮಾಡುತ್ತಿದ್ದಳು, ಅವಳ ಅವ್ವನೂ. ಇಳಿದಷ್ಟೂ ಹಾಕಿಕೊಂಡೆ. ಹಾಕಿಕೊಂಡಷ್ಟೂ ಇಳಿದೆ. ಈ ಮನೆಯಲ್ಲಿ ನನಗೆ ಗೋಧಿ ಉಣ್ಣಿಸುತ್ತಿದ್ದ ಕೈ ನನ್ನದೇ. ನಾಚಿಕೆಯಿಂದ ಸಾಯುವ ಹಾಗಾಯಿತು.

ಡಬ್ಬ ಹಿಡಿದು ಒಳಕೋಣೆಗೆ ಬಂದೆ. "ಅತ್ತೆ, ನೀವಲ್ಲ. ನಾನೇ. ಇಂಗಲ್ಲಿ ಗೋಧಿ ಅದೆ. ನಿಮ್ಮ ಮೇಲೆ ಸುಮ್ನೆ ಅನುಮಾನಪಟ್ಟೆ. ತಪ್ಪಾಯ್ತು," ಎಂದು ಅವರ ಕಾಲ ಬಳಿ ಕೂತೆ. ಬಯ್ಯುತ್ತಾರೆ ಎಂದುಕೊಂಡಿದ್ದೆ. ಬಯ್ದಿದ್ದರೆ ಚೆನ್ನಾಗಿತ್ತು. ಅವರು ಗೋಡೆಗೆ ತಾಗಿದ್ದ ಬಟ್ಟಲನ್ನೇ ನೋಡುತ್ತಿದ್ದರು.

"ಅಂಗಾರೆ ಅವಳಿಗೂ ಗೋಧಿನೇ ಆಗ್ತಿರ್ನಿಲ್ವಾ?"

ಹೌದೆಂದು ತಲೆಯಾಡಿಸಿದೆ. ಅವರಿಗೆ ಅಷ್ಟೇ ಸಾಕಾಯಿತು.

"ಕಡೇ ದಿನ ಬ್ಯಾಡ ಅತ್ಗೆ ಅಂತ ಹಲ್ಲು ಕಚ್ಕಂಡ್ಳು ಕನವ್ವ," ಎಂದರು ಅತ್ತೆ. "ಉಳೀಲಿ ಅಂತ, ಸೌಟಿನ ತುದೀಲಿ ಹಲ್ಲು ಬುಡ್ಸಿ ಹುಯ್ದೆ. ಇದೇ ಕೈಯಾಗೆ. ಸತ್ತ ಮ್ಯಾಕೂ ಬುಡ್ನಿಲ್ಲ. ನಲ್ವತ್ನಾಕು ವರ್ಸ, ನೂಕುದ್ರೂ ನೂಕುದ್ರೂ ಹುಯ್ದೆ." ಆ ಕೈಯನ್ನು ಅವರು ಮಡಿಲಲ್ಲಿ ಬೋರಲು ಹಾಕಿಕೊಂಡರು. ನಾನು ಅದನ್ನು ಹಿಡಿದುಕೊಂಡೆ, ಇಬ್ಬರೂ ಅತ್ತೆವು.

ಆಮೇಲೆ ಎದ್ದು ಹುರುಳಿ ಮತ್ತೆ ಬೇಯಿಸಿದೆ. ಇಂಗಿಲ್ಲದೆ, ಬೆಳ್ಳುಳ್ಳಿ ಒಗ್ಗರಣೆ ಹಾಕಿ ಸಾರು ಮಾಡಿದೆ. ಹೊಸ ಬಟ್ಟಲಲ್ಲಿ ಚಿಕ್ಕತಾಯಿಯ ಎಲೆಗೆ ಇಟ್ಟೆ. ಅದರ ಪಕ್ಕದಲ್ಲೇ ಇನ್ನೊಂದು ಎಲೆ ಹಾಕಿ, ಅದೇ ಪಾತ್ರೆಗಳಿಂದ ಅದೇ ಊಟ ಬಡಿಸಿಕೊಂಡು, ಕೂತೆ.

"ಬದ್ಕಿರೋರು ಒಳಗೆ ಕುಂತ್ಕಬಾರ್ದು ಮಗಾ," ಎಂದರು ಅತ್ತೆ. ಪುಟ್ಟರಾಜು ನನ್ನ ರಟ್ಟೆಗೆ ಕೈ ಹಾಕಿದ.

"ಹೊರಗೆ ನಾನು ಉಣ್ಣೋದನ್ನ ನನ್ನ ಜೊತೆ ಕುಂತು ಉಣ್ಣೋರು ಯಾರವ್ರೆ ಅತ್ತೆ? ಬಾಗಿಲು ಹಾಕಿ."

ಅತ್ತೆ ಮಗನ ಕೈ ಬಿಡಿಸಿ ಹೊರಗೆ ಕರೆದುಕೊಂಡು ಹೋದರು. ಬಾಗಿಲು ಮುಚ್ಚಿತು, ಚಿಲಕ ಬಿತ್ತು. ಜಾಲರಿಯಲ್ಲಿ ಮಂಜು ಬೆಳ್ಳಗೆ ನಿಂತಿತ್ತು. ಮುದ್ದೆ ಮುರಿದು ಸಾರಿಗೆ ಅದ್ದಿ ಬಾಯಿಗಿಟ್ಟೆ. ಪಕ್ಕದ ಎಲೆ ಸರಕ್ಕೆಂದಿತು. ನಾನು ತಿರುಗಿ ನೋಡಲಿಲ್ಲ. ಉಣ್ಣುವವರ ಮುಖ ನೋಡಿದರೆ ಅವರಿಗೆ ಎಷ್ಟು ಸಂಕಟವಾಗುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸ್ವಲ್ಪ ಹೊತ್ತಿನಲ್ಲಿ ಸಾರು ಸುರ್ರೆಂದು ಹೀರಿದ ಶಬ್ದ ಕೇಳಿತು. ನಾನೂ ಹೀರಿದೆ. ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ ಊಟ ರುಚಿ ಅನ್ನಿಸಿತು.

ಹೊರಗಿನಿಂದ ಅತ್ತೆ ಬಾಗಿಲು ತಟ್ಟಿದರು. ಒಂದು, ಎರಡು, ಮೂರು.

"ತಡೀರಿ ಅತ್ತೆ," ಎಂದೆ. "ಇನ್ನೂ ಉಣ್ತಾ ಇದ್ದೀವಿ."