ಮಿಕ್ಸರ್ ಜಪ್ತಿ

"ಬಂದ್ ಕರೋ!" ಎಂದು ಬೇಲಿಫ್ ಸಾಹೇಬರು ಎರಡನೇ ಸಲ ಕೂಗಿದರು. ಗೋರೆಗಾಂವಿನ ಆ ಓಣಿಯಲ್ಲಿ ಕಾಂಕ್ರೀಟ್ ಮಿಕ್ಸರ್ ಗಡಗಡ ತಿರುಗುತ್ತಲೇ ಇತ್ತು. ಕೋರ್ಟಿನ ಜಪ್ತಿ ವಾರಂಟು ತೋರಿಸಿದರೆ ನಿಲ್ಲಲು ಅದಕ್ಕೇನು ಕಣ್ಣೇ ಕಿವಿಯೇ? ಮಿಕ್ಸರಿನ ಒಡೆಯ ಪರಪ್ಪ ಮಾತ್ರ ಸಲಿಕೆ ಕೆಳಗಿಟ್ಟು, ಮನೆಗೆ ಬೀಗರು ಬಂದಷ್ಟು ಸಡಗರದಿಂದ ಕೈಮುಗಿಯುತ್ತ ಬಂದ.

"ಬರ್ರಿ ಸಾಹೇಬ್ರ, ಬರ್ರಿ. ಶೆಟ್ಟೆಪ್ಪಣ್ಣಾ, ನೀನೂ ಬಂದ್ಯಾ? ಚಾ ಹೇಳ್ಲೇನು?"

"ನಿನ್ನ ಚಾ ಕುಡಿಯಾಕ ಬಂದಿಲ್ಲ. ನಿನ್ನ ಮಷಿನ್ ಒಯ್ಯಾಕ ಬಂದೀನಿ," ಎಂದ ಶೆಟ್ಟೆಪ್ಪ.

ಇಬ್ಬರೂ ಇಂಡಿ ತಾಲೂಕಿನ ಒಂದೇ ಊರಿನವರು, ಒಂದೇ ರೈಲಿನಲ್ಲಿ ಮುಂಬಯಿಗೆ ಬಂದವರು. ಮಲಾಡಿನಲ್ಲಿ ಪರಪ್ಪ ಗುತ್ತಿಗೆ ಹಿಡಿದ ಕಟ್ಟಡಕ್ಕೆ ಶೆಟ್ಟೆಪ್ಪ ಸ್ಲ್ಯಾಬಿನ ಕೆಳಗೆ ಹಲಗೆ ಕಟ್ಟುವ ಸೆಂಟ್ರಿಂಗ್ ಕೆಲಸ ಮಾಡಿಕೊಟ್ಟಿದ್ದ. ಅದರ ಹಣ ಬರಲೇ ಇಲ್ಲ. ಶೆಟ್ಟೆಪ್ಪ ತನ್ನ ಆಳುಗಳ ಪಗಾರಕ್ಕೆಂದು ಹೆಂಡತಿ ಭಾಗವ್ವನ ಚಿನ್ನದ ಬೋರಮಾಳ ಸರವನ್ನು ಬ್ಯಾಂಕಿನಲ್ಲಿ ಅಡವಿಟ್ಟ. ಕೋರ್ಟಿಗೆ ಹೋದ, ಗೆದ್ದು ಡಿಕ್ರಿಯನ್ನೂ ಪಡೆದ. ಆದರೆ ಗೆದ್ದದ್ದೆಲ್ಲ ಕಾಗದದ ಮೇಲೆಯೇ. ಕೇಳಿದಾಗಲೆಲ್ಲ ಪರಪ್ಪ, ಈ ಸ್ಲ್ಯಾಬ್ ಮುಗಿಯಲಿ ಅಣ್ಣಾ, ಕೊಟ್ಟೇ ಬಿಡುತ್ತೇನೆ ಎಂದು ನಗುತ್ತಿದ್ದ. ಹಾಳಾದವನದು ಸಿಟ್ಟು ಬಂದರೂ ಬೈಯಲಾಗದಂಥ ನಗು. ಈಗ ಬ್ಯಾಂಕಿನವರು ಬರುವ ವಾರ ಸರ ಹರಾಜು ಎಂದಿದ್ದರು. ಮಿಕ್ಸರನ್ನು ಇವತ್ತೇ ಹಿಡಿಯದಿದ್ದರೆ ಅದು ದೂರದ ವಿರಾರಿಗೋ ನಾಲಾಸೋಪಾರಕ್ಕೋ ಹಾರುತ್ತಿತ್ತು. ಹಿಂದೆ ಎರಡು ಸಲ ಹಾಗೇ ಆಗಿತ್ತು.

ಬೇಲಿಫ್ ಮಿಕ್ಸರ್ ಒಯ್ಯಲು ತಂದಿದ್ದ ಟೆಂಪೋದವನನ್ನು ಹತ್ತಿರ ಕರೆದರು. ಅಷ್ಟರಲ್ಲಿ ಶೆಟ್ಟೆಪ್ಪ ತಲೆಯೆತ್ತಿ ಮೇಲೆ ನೋಡಿದ. ನೋಡಬಾರದಿತ್ತು. ಅರ್ಧ ಮಾಳಿಗೆಗೆ ಹಸಿ ಕಾಂಕ್ರೀಟ್ ಬಿದ್ದಿತ್ತು, ಇನ್ನರ್ಧದಲ್ಲಿ ಬರೀ ಸರಳುಗಳು ಕಾಣುತ್ತಿದ್ದವು. ಅರ್ಧಕ್ಕೆ ನಿಂತ ಸ್ಲ್ಯಾಬಿಗೆ ನಾಳೆ ಹಾಕಿದ ಕಾಂಕ್ರೀಟ್ ಸರಿಯಾಗಿ ಕಚ್ಚುವುದಿಲ್ಲ. ಸಂದು ಉಳಿದು, ಮೊದಲ ಮಳೆಗೇ ಕೆಳಗೆ ಮಲಗಿದವರ ಮೇಲೆ ನೀರು ತೊಟ್ಟಿಕ್ಕುತ್ತದೆ. ಹರೆಯವನ್ನೆಲ್ಲ ಸ್ಲ್ಯಾಬುಗಳ ಕೆಳಗೇ ಕಳೆದವನಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

"ಸಾಹೇಬ್, ಥೋಡಾ ರುಕೋ," ಎಂದ. "ಯೇ ಸ್ಲ್ಯಾಬ್ ಹೋನೇ ದೋ."

ಜಪ್ತಿ ಕೇಳಿದವನೇ ತಡೆಯುತ್ತಿದ್ದಾನಲ್ಲ ಎಂದು ಬೇಲಿಫ್ ಕಣ್ಣರಳಿಸಿದರು. "ಅರೇ, ಜಪ್ತಿ ಮಾಂಗನೇವಾಲಾ ತೂ, ರೋಕನೇವಾಲಾ ಭೀ ತೂ?" ಕೋರ್ಟಿನ ಗೋದಾಮಿಗೆ ಆರಕ್ಕೆ ಬೀಗ ಬೀಳುತ್ತದೆ, ಅಷ್ಟರೊಳಗೆ ಆಗದಿದ್ದರೆ ತಾನು ಬರಿಗೈಯಲ್ಲಿ ಹೋಗುವವನೇ, ಆಮೇಲೆ ತನ್ನನ್ನು ಕೇಳಬೇಡ ಎಂದು ಹೇಳಿ, ಸಿಮೆಂಟ್ ಚೀಲಗಳ ಮೇಲೆ ಕೂತುಬಿಟ್ಟರು.

ಶೆಟ್ಟೆಪ್ಪ ಪರಪ್ಪನತ್ತ ತಿರುಗಿದ. "ಆರರೊಳಗ ಮುಗಿತೈತೇನು?"

"ಎಲ್ಲಿಂದ ಮುಗೀಬೇಕಣ್ಣಾ? ಇವತ್ತ ನಾಕ ಆಳು ಬಂದಿಲ್ಲ."

ಶೆಟ್ಟೆಪ್ಪ ಕೋರ್ಟಿಗೆಂದು ಇಸ್ತ್ರಿ ಮಾಡಿಸಿದ ಅಂಗಿಯನ್ನು ಬಿಚ್ಚಿ ಟೆಂಪೋದ ಕನ್ನಡಿಗೆ ತೂಗುಹಾಕಿದ. ಪ್ಯಾಂಟು ಮಡಚಿದ. ತಲೆಗೆ ಟವೆಲ್ ಸುತ್ತಿ, ಕಾಂಕ್ರೀಟ್ ಬುಟ್ಟಿಗಳನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದ ಆಳುಗಳ ಸಾಲಿನಲ್ಲಿ ಹೋಗಿ ನಿಂತ. ತಾನು ಜಪ್ತಿ ಮಾಡಬೇಕಾದ ಮಿಕ್ಸರಿಗಾಗಿ ತಾನೇ ಪುಕ್ಕಟೆ ಬೆವರು ಸುರಿಸುವ ಇಂಥ ಡಿಕ್ರಿದಾರನನ್ನು ಬೇಲಿಫ್ ತಮ್ಮ ನೌಕರಿಯಲ್ಲೇ ಕಂಡಿರಲಿಲ್ಲ. ಮೊದಮೊದಲು ನಕ್ಕರು. ಆಮೇಲೆ ಅವರೇ ಎದ್ದು ಆಳುಗಳಿಗೆ ನೀರಿನ ಬಾಟಲಿ ಹಂಚಿದರು.

"ಕೈ ಜಡ ಆಗೇತಲ್ಲೋ ಅಣ್ಣಾ!" ಎಂದು ಪರಪ್ಪ ಮೇಲಿಂದ ಕೂಗಿದ.

"ಬಾಯಿ ಮುಚ್ಚಿ ಬುಟ್ಟಿ ಹಿಡಿ. ಆ ಮೂಲ್ಯಾಗ ಸರಿ ತುಂಬಿಲ್ಲ ನೋಡು!"

ಕೋರ್ಟಿನ ಮೆಟ್ಟಿಲ ಮೇಲೆ ಇಬ್ಬರೂ ಮುಖ ತಿರುಗಿಸಿಕೊಂಡು ಕಳೆದ ದಿನಗಳೆಲ್ಲ ಶೆಟ್ಟೆಪ್ಪನಿಗೆ ಮರೆತೇ ಹೋದವು. ಹೇಳಬೇಕೆಂದರೆ, ಅವನಿಗೆ ತುಂಬ ಸಂತೋಷವಾಗಿತ್ತು.

ಕೊನೆಯ ಬುಟ್ಟಿ ಮೇಲೆ ಹೋದಾಗ ಐದು ದಾಟಿತ್ತು. ಇಬ್ಬರೂ ಸೇರಿ ನೀರು ಹೊಡೆದು ಮಿಕ್ಸರಿನ ಡ್ರಮ್ಮು ತೊಳೆದರು. ಆಗ ಪರಪ್ಪ ಮೆಲ್ಲಗೆ ಅವನ ತೋಳು ಹಿಡಿದ.

"ಅಣ್ಣಾ, ಈ ಮನಿ ಸೇಠ್ ನಾಳೆ ರೊಕ್ಕ ಕೊಡ್ತೀನಿ ಅಂದಾನ. ಒಂದ ದಿನಾ ತಡಿ. ನಿನ್ನ ಕಾಲ ಬೀಳ್ತೀನಿ."

ಆಳುಗಳೆಲ್ಲ ಶೆಟ್ಟೆಪ್ಪನನ್ನೇ ನೋಡಿದರು. ಆಗಲಿ ಎನ್ನುವ ಮಾತು ಅವನ ನಾಲಿಗೆಯ ತುದಿಗೆ ಬಂದಿತ್ತು. ಈ ಮನುಷ್ಯನ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ, ಇದ್ದದ್ದೇ ತೊಂದರೆ.

"ಆಗೂದಿಲ್ಲ ಪರಪ್ಪಾ," ಎಂದ. "ಬೋರಮಾಳ ಬ್ಯಾಂಕಿನಾಗ ಐತಿ. ಬರೂ ವಾರ ಹರಾಜು."

"ಯಾರ ಬೋರಮಾಳ?"

"ನಿಮ್ಮ ವೈನೀದು."

ಪರಪ್ಪನ ಮುಖದಿಂದ ನಗು ಹೋಯಿತು. ಮುಂಬಯಿಗೆ ಬಂದ ಹೊಸದರಲ್ಲಿ ಅತ್ತಿಗೆಯಂತಿದ್ದ ಭಾಗವ್ವ ಅವನಿಗೆ ವರ್ಷವಿಡೀ ರೊಟ್ಟಿ ಬಡಿದು ಹಾಕಿದ್ದಳು. "ಇಷ್ಟ ದಿನಾ ಯಾಕ ಹೇಳ್ಲಿಲ್ಲಣ್ಣಾ?"

"ಹೆಂಡತಿ ಸರಾ ಒತ್ತಿ ಇಟ್ಟೀನಿ ಅಂತ ಊರ ಮಂದಿ ಮುಂದ ಹ್ಯಾಂಗ ಹೇಳ್ಲೋ? ನನಗೂ ಮರ್ಯಾದಿ ಐತಿ."

ಪರಪ್ಪ ತಾನೇ ಮಿಕ್ಸರನ್ನು ಹಿಂದಿನಿಂದ ತಳ್ಳಿ ಟೆಂಪೋದ ಹಿಂಬದಿಗೆ ಜೋಡಿಸಿದ, ಮೇಲೆ ಹಗ್ಗವನ್ನೂ ಬಿಗಿದ. ಬೇಲಿಫ್ ಕಾಗದ ಚಾಚಿದಲ್ಲಿ ಸಹಿ ಹಾಕಿದ. ಅವರು ಡ್ರೈವರನ ಪಕ್ಕ ಹತ್ತಿ ಕೂತರು. ಹಿಂದೆ ಶೆಟ್ಟೆಪ್ಪ ಹತ್ತಿದ. ಪರಪ್ಪನೂ ಹತ್ತಿದ.

"ನೀ ಎಲ್ಲಿಗಿ?"

"ಈ ಡ್ರೈವರಗ ಏನ ಗೊತ್ತಣ್ಣಾ? ತಗ್ಗಿನಾಗ ಮಷಿನ್ ವಾಲತೈತಿ. ಹಿಡೀಬೇಕು."

ಸ್ಟೇಷನ್ ರಸ್ತೆಗೆ ಬರುವಷ್ಟರಲ್ಲಿ ಪರಪ್ಪನ ಫೋನು ಬಡಿದುಕೊಂಡಿತು. ಸೇಠನದು. ಮಿಕ್ಸರ್ ಹೋದ ಸುದ್ದಿ ಅವನಿಗೆ ಮುಟ್ಟಿತ್ತು. ಮಾಲಕರ ಮುಂದೆ ಎಂದೂ ಬಾಯಿ ಬಿಡದ ಪರಪ್ಪ, ಸಂಕೋಚಕ್ಕೆ ಬಿದ್ದೇ ತನಗೆ ಬರಬೇಕಾದ ಬಾಕಿಯನ್ನು ಊರೆಲ್ಲ ಬಿಟ್ಟು ತಾನು ಸಾಲಗಾರನಾದ ಪರಪ್ಪ, ಈಗ ಗಂಟಲು ಹರಿಯುವಂತೆ ಕೂಗಿದ: "ನಹೀ ಸೇಠ್! ಸಬೇರೆ ಕೋರ್ಟ್ ಮೇ ಮೇರಾ ಪೈಸಾ ಭರೋ, ತಭೀ ಮಷಿನ್ ಛೂಟೇಗಾ. ಉಪರ್ ಕಾ ಮಾಲಾ ಚಾಹಿಯೇ ಕಿ ನಹೀ?"

ಕೋರ್ಟಿನಲ್ಲಿ ಹಣ ಕಟ್ಟಿದರೆ ಮಾತ್ರ ಮಿಕ್ಸರ್ ಬಿಡುಗಡೆ, ಇಲ್ಲದಿದ್ದರೆ ಮೇಲಿನ ಮಾಳಿಗೆ ಏಳದು ಎಂದು ಹೇಳಿ, ಆ ಕಡೆಯ ಮಾತು ಕೇಳಿಸಿಕೊಂಡು ಫೋನು ಜೇಬಿಗಿಟ್ಟ.

"ಏನಂದ?" ಎಂದ ಶೆಟ್ಟೆಪ್ಪ.

"ಬರ್ತಾನಂತ. ನಾಳೆ ಹತ್ತಕ್ಕ, ಕೋರ್ಟಿಗಿ, ರೊಕ್ಕ ತಗೊಂಡು." ಮಿಕ್ಸರಿನ ಹಗ್ಗ ಬಿಗಿ ಮಾಡುತ್ತ, "ಸರಾ ಒತ್ತಿ ಬಿದ್ದಿದ್ದು ನನ್ನಿಂದ ಅಂತ ವೈನಿಗೆ ಹೇಳಬ್ಯಾಡ," ಎಂದ.

ಮುಂದೆ ಸ್ಪೀಡ್ ಬ್ರೇಕರ್ ಬಂತು. ಇಬ್ಬರೂ ಒಟ್ಟಿಗೇ ಬಗ್ಗಿ, ಮಿಕ್ಸರಿನ ಹಗ್ಗಕ್ಕೆ ಕೈ ಹಾಕಿದರು.

"ಸಾವಕಾಶೋ!" ಎಂದು ಡ್ರೈವರಿಗೆ ಕೂಗಿದವನು ಶೆಟ್ಟೆಪ್ಪ.