ಕಾಣದವರ ಆಜ್ಞೆ

ಏನು ಕೇಳಿದರೂ ಇಲ್ಲ ಅನ್ನಬೇಕಂತೆ. ಅಕ್ಕ ಏಲಮ್ಮ ಬೆಳಿಗ್ಗೆಯಿಂದ ಅದೊಂದನ್ನೇ ರುಬ್ಬುತ್ತಿದ್ದಳು. ಮನೆಯಲ್ಲಿ ಪುಟ್ಟು ಬಡಿಸುವಾಗ ಹೇಳಿದಳು, ಬೋಟು ಹತ್ತುವಾಗ ಹೇಳಿದಳು, ಈಗ ಆಲಪ್ಪುಳದ ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಛತ್ರಿಯ ತುದಿಯಿಂದ ಕುರಿಯನ್‌ನ ಪಾದ ತಿವಿದು ಮತ್ತೆ ಹೇಳಿದಳು.

"ಕಾಲು ಅಲ್ಲಾಡಿಸಬೇಡ್ವೋ, ನೋಡಿದವರು ಏನಂದ್ಕೋತಾರೆ? ನೆನಪಿಟ್ಕೋ. ಎಲ್ಲದಕ್ಕೂ ಇಲ್ಲ."

"ಇಲ್ಲ ಅನ್ನೋದು ಸುಳ್ಳಾದ್ರೆ?"

"ಆದ್ರೆ ಆಗಲಿ! ಸತ್ಯ ಹೇಳಿ ಉದ್ಧಾರ ಆಗಿದ್ದು ಹೋದ ಸಲ ನೋಡಿದ್ದಾಯ್ತಲ್ಲ."

ಹೋದ ಸಲ ಆದದ್ದು ಇಷ್ಟು. ಕುರಿಯನ್ ಕುಟ್ಟನಾಡಿನ ಪ್ರಯಾಣಿಕರ ಬೋಟೊಂದರಲ್ಲಿ ಎಂಜಿನ್ ನಡೆಸುವವನು. ಅವನು ಕೂರುವುದು ಬೋಟಿನ ಹೊಟ್ಟೆಯೊಳಗಿನ ಗುಂಡಿಯಲ್ಲಿ. ಅಲ್ಲಿಂದ ನೀರೂ ಕಾಣದು, ಬೋಟು ನಿಲ್ಲುವ ಕಟ್ಟೆಯೂ ಕಾಣದು. ಚುಕ್ಕಾಣಿ ಹಿಡಿಯುವ ಸ್ರಾಂಗ್ ಭಾಸುರನ್ ಮುಂದೆ ನಿಂತು ಹಗ್ಗ ಎಳೆದರೆ ಕುರಿಯನ್‌ನ ತಲೆಯ ಮೇಲೆ ಗಂಟೆ ಹೊಡೆಯುತ್ತದೆ. ಇಷ್ಟು ಹೊಡೆತಕ್ಕೆ ಮುಂದೆ, ಇಷ್ಟಕ್ಕೆ ಹಿಂದೆ, ಇಷ್ಟಕ್ಕೆ ನಿಲ್ಲು. 'ಸ್ವಲ್ಪ ನೋಡ್ಕೊಂಡು ಮಾಡಪ್ಪಾ' ಎಂದು ಗಂಟೆ ಯಾವತ್ತೂ ಹೇಳುವುದಿಲ್ಲ. ಆ ಗುಂಡಿಯಲ್ಲಿ ಅವನಷ್ಟು ಸುಖವಾಗಿದ್ದವರು ಕುಟ್ಟನಾಡಿನಲ್ಲೇ ಇರಲಿಕ್ಕಿಲ್ಲ.

ಅಷ್ಟರಲ್ಲಿ ಎಂಜಿನ್‌ನವರ ಮನಸ್ಸನ್ನೆಲ್ಲ ಪರೀಕ್ಷೆ ಮಾಡಿಸಬೇಕೆಂದು ಬೋಟಿನ ಮಾಲೀಕರ ತಲೆಗೆ ಹೊಕ್ಕಿತು. ಅವರು ಕರೆಸಿದ ಮುದಿ ಡಾಕ್ಟರು, ಹೌದು ಅಥವಾ ಇಲ್ಲ ಅಷ್ಟೇ ಸಾಕು, ಕಥೆ ಬೇಡ ಎಂದು ಶುರುಮಾಡಿದರು.

"ಕಣ್ಣಿಗೆ ಕಾಣದವರು ಯಾರಾದ್ರೂ ನಿನಗೆ ಆಜ್ಞೆ ಮಾಡ್ತಾರಾ?"

"ಹೌದು."

"ಅವರು ಹೇಳಿದ ಹಾಗೇ ಮಾಡ್ತೀಯಾ?"

"ಮಾಡ್ಲೇಬೇಕು. ಇಲ್ಲದಿದ್ರೆ ಜನ ಸಾಯ್ತಾರೆ."

ಡಾಕ್ಟರು ಕುರ್ಚಿಯನ್ನು ಹಿಂದಕ್ಕೆಳೆದುಕೊಂಡು, ಹುಚ್ಚು ಎಂದು ಬರೆದುಬಿಟ್ಟರು. ಹೇಳಿ, ಇದರಲ್ಲಿ ಸುಳ್ಳೇನಿತ್ತು? ಅದು ಹುಚ್ಚಿದೆಯೋ ಇಲ್ಲವೋ ನೋಡುವ ಪ್ರಶ್ನೆ ಎಂದು ಮಿಕ್ಕ ಎಂಜಿನ್‌ನವರಿಗೆ ಯಾರು ಹೇಳಿಕೊಟ್ಟಿದ್ದರೋ, ಅದೇ ಗಂಟೆಗಳ ಕೆಳಗೆ ಕೂತು ಬಂದವರೆಲ್ಲ ಇಲ್ಲ ಎಂದು ಪಾಸಾದರು. ಕುರಿಯನ್ ಮಾತ್ರ ಕೇಳಿದ್ದಕ್ಕೆ ಉತ್ತರ ಕೊಟ್ಟ. ಇವತ್ತು ಇನ್ನೊಬ್ಬ ಡಾಕ್ಟರು ನೋಡುತ್ತಾರೆ. ಇವರೂ ಅದನ್ನೇ ಹೇಳಿದರೆ ಎಂಜಿನ್ ಹೋಯಿತು. ಕಟ್ಟೆಯ ಮೇಲೆ ಟಿಕೆಟ್ ಕೊಡಲು ಕೂರಬೇಕು. ಎಲ್ಲಿಗೆ ಎಂದು ಹೇಳದೆ 'ಎರಡು' ಎಂದು ಕೈ ಚಾಚುವ ಜನರ ನಡುವೆ.

"ಚೇಚಿ, ನನಗಾಗಲ್ಲ," ಎಂದ ಅಕ್ಕನಿಗೆ. "ಸುಳ್ಳು ಹೇಳೋಕೆ ನನ್ನಿಂದ ಆಗೋದೇ ಇಲ್ಲ. ನಿನ್ನೆಯಿಂದ ಹೇಳ್ತಾನೇ ಇದ್ದೀನಿ."

"ನಿನ್ನೆಯಿಂದ ನನ್ನ ತಲೆ ತಿಂತಾನೇ ಇದ್ದೀಯ. ಮುಚ್ಚೋ ಬಾಯಿ."

ಅವನು ಎದ್ದ, ಕೂತ, ಮತ್ತೆ ಎದ್ದು ಗೋಡೆಯವರೆಗೂ ಹೋಗಿ ಬಂದ. ಅಂಗಿಯ ಗುಂಡಿಯನ್ನು ತಿರುಗಿಸಿ ತಿರುಗಿಸಿ ಅದು ಕೈಗೇ ಬಂತು. ಏಲಮ್ಮ ಹಣೆ ಚಚ್ಚಿಕೊಳ್ಳುವಷ್ಟರಲ್ಲಿ ಒಳಗಿನಿಂದ ಹೆಸರು ಕೂಗಿದರು.

ಡಾಕ್ಟರ್ ಶಹನಾಸ್ ಚಿಕ್ಕ ವಯಸ್ಸಿನವಳು, ಮೆಲ್ಲಗೆ ಮಾತಾಡುವವಳು. ಅಕ್ಕನೂ ಜೊತೆಗಿರಲಿ ಎಂದಳು. ಏಲಮ್ಮ ಪಕ್ಕದಲ್ಲೇ ಕೂತು ಛತ್ರಿಯನ್ನು ಸಿದ್ಧವಾಗಿಟ್ಟುಕೊಂಡಳು.

"ನಿದ್ದೆ ಚೆನ್ನಾಗಿ ಬರುತ್ತಾ?"

ನಿನ್ನೆಯದೋ, ಯಾವಾಗಲದ್ದೋ? ಚೆನ್ನಾಗಿ ಅಂದರೆ ಬೇಗ ಬರುವುದೋ, ತುಂಬಾ ಹೊತ್ತು ಇರುವುದೋ? ಮಧ್ಯಾಹ್ನದ್ದೂ ಲೆಕ್ಕಕ್ಕುಂಟೋ? ಕುರಿಯನ್ ಒದ್ದಾಡಿದ. ಛತ್ರಿ ತಿವಿಯಿತು.

"ಇಲ್ಲ."

"ಊಟ ಸೇರುತ್ತಾ?"

ಕರಿಮೀನು ಸೇರುತ್ತೆ, ಪಾಯಸ ಸೇರಲ್ಲ. "ಇಲ್ಲ."

ಏಲಮ್ಮ ಕೆಮ್ಮಿದಳು. ಶಹನಾಸ್ ಅವಳತ್ತ ಒಮ್ಮೆ ನೋಡಿ, "ಕಷ್ಟ ಬಂದಾಗ ಹೇಳ್ಕೊಳ್ಳೋಕೆ ಯಾರಾದ್ರೂ ಇದ್ದಾರಾ ನಿಮಗೆ?" ಎಂದಳು.

ಈ ಸಲ ಕುರಿಯನ್ ಒದ್ದಾಡಲಿಲ್ಲ. "ಇಲ್ಲ."

"ಏನಂದೆ?" ಏಲಮ್ಮನ ಛತ್ರಿ ನೆಲಕ್ಕೆ ಬಿತ್ತು. "ಅಪ್ಪ ತೀರ್ಕೊಂಡಾಗಿಂದ ನಿನಗೆ ಬೇಯಿಸಿ ಹಾಕ್ತಿರೋಳು ಯಾರೋ, ಪಾಪಿ? ನಾನು ಯಾರು, ದಾರಿಹೋಕಳಾ? ಡಾಕ್ಟರೇ, ತಪ್ಪು ನಂದೇ. ಎಲ್ಲದಕ್ಕೂ ಇಲ್ಲ ಅನ್ನು ಅಂತ ನಾನೇ ಹೇಳ್ಕೊಟ್ಟಿದ್ದೆ. ಈ ಮಹಾರಾಯ ಊಟ ನಿದ್ದೆಗೂ ಇಲ್ಲ ಅಂದುಬಿಟ್ಟ!"

ಎಲ್ಲ ಕೆಟ್ಟಿತು ಎಂದುಕೊಂಡ ಕುರಿಯನ್. ಅವನ ಎರಡೂ ಕಾಲು ಮತ್ತೆ ಅಲ್ಲಾಡತೊಡಗಿದವು. ಶಹನಾಸ್ ಪೆನ್ನನ್ನು ಮುಚ್ಚಿ ಪಕ್ಕಕ್ಕಿಟ್ಟಳು.

"ಹೌದು, ಇಲ್ಲ ಎರಡೂ ಬೇಡ. ಕಾಲು ಅಲ್ಲಾಡಿದ್ರೆ ಅಲ್ಲಾಡ್ಲಿ. ಕಾಣದವರು ಆಜ್ಞೆ ಮಾಡ್ತಾರೆ ಅಂದಿದ್ರಂತೆ. ಅವರ ಹೆಸರೇನು?"

"ಭಾಸುರನ್ ಚೇಟ್ಟನ್."

"ಎಲ್ಲಿರ್ತಾರೆ?"

"ಬೋಟಿನ ಮುಂದೆ. ನಾನು ಕೆಳಗೆ ಎಂಜಿನ್ ಹತ್ರ. ಅವರು ಗಂಟೆ ಹೊಡೀತಾರೆ, ನಾನು ಮಾಡ್ತೀನಿ. ಮಾಡದಿದ್ರೆ ಬೋಟು ಕಟ್ಟೆಗೆ ಗುದ್ದುತ್ತೆ."

ಶಹನಾಸ್ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರೂ ನಗು ತಡೆಯಲಾಗಲಿಲ್ಲ. "ನಾನೂ ಅದೇ ಬೋಟಲ್ಲಿ ಬರೋಳು. ಗಂಟೆ ಯಾರಿಗೆ ಅಂತ ಒಂದು ದಿನವೂ ಯೋಚಿಸಿರಲಿಲ್ಲ ನೋಡಿ." ಆಮೇಲೆ ಅವನ ಬಾಲ್ಯ, ಶಾಲೆ, ಗದ್ದಲ, ಗೆಳೆಯರು ಎಲ್ಲವನ್ನೂ ಕೇಳಿದಳು. ಅವನು 'ಯಾವಾಗ?', 'ಯಾರ ಜೊತೆ?' ಎಂದು ಮರುಪ್ರಶ್ನೆ ಹಾಕಿದಾಗಲೆಲ್ಲ ಪ್ರಶ್ನೆಯನ್ನು ಬಿಡಿಸಿ ಹೇಳಿದಳು. ಕೊನೆಗೆ, "ಕುರಿಯನ್, ನಿಮಗಿರೋದು ಹುಚ್ಚಲ್ಲ, ಆಟಿಸಂ. ಹುಟ್ಟಿದಾಗಿಂದ ಇದೆ. ಪ್ರಶ್ನೆ ಅರೆಬರೆ ಇದ್ರೆ ತಪ್ಪು ಪ್ರಶ್ನೆದು. ಸೋಮವಾರದಿಂದ ಎಂಜಿನ್‌ಗೆ ಇಳೀರಿ, ಮಾಲೀಕರ ಹತ್ರ ನಾನೇ ಮಾತಾಡ್ತೀನಿ," ಎಂದಳು.

ಏಲಮ್ಮ ಶಿಲುಬೆಯ ಗುರುತು ಮಾಡಿಕೊಂಡಳು. ಕಣ್ಣೊರೆಸಿಕೊಂಡು, "ಕಷ್ಟ ಹೇಳ್ಕೊಳ್ಳೋಕೆ ಯಾರೂ ಇಲ್ಲ ಅಂದದ್ದೂ ನಾನು ಹೇಳ್ಕೊಟ್ಟಿದ್ದಕ್ಕೇ ಡಾಕ್ಟರೇ. ನಾನಿದ್ದೀನಲ್ಲ ಇವನಿಗೆ. ಅದನ್ನ ಸರಿಮಾಡ್ಕೊಳ್ಳಿ," ಎಂದಳು.

"ಅಲ್ಲ," ಎಂದ ಕುರಿಯನ್. "ಅದು ನಿಜ."

"ಏನೋ ನಿಜ?"

"ಕಷ್ಟ ಬಂತು. ಸುಳ್ಳು ಹೇಳೋಕಾಗಲ್ಲ ಅಂತ ನಿನಗೆ ಹೇಳ್ದೆ. ನಿನ್ನೆ ಹೇಳ್ದೆ, ಇವತ್ತು ಆಚೆ ಬೆಂಚಲ್ಲೂ ಹೇಳ್ದೆ. ಬಾಯಿ ಮುಚ್ಚು ಅಂದೆ. ಬೇಯಿಸಿ ಹಾಕ್ತೀಯ, ಅದು ಹೌದು. ಅವರು ಕೇಳಿದ್ದು ಅದಲ್ಲ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಏಲಮ್ಮ ಎರಡು ಬೈದು ಹಗುರಾಗುತ್ತಿದ್ದಳು. ಅವಳು ಬಿದ್ದ ಛತ್ರಿಯನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು. ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. ಕುರಿಯನ್‌ಗೆ ಇಂಥ ಮುಖವನ್ನು ಓದಲು ಯಾವತ್ತೂ ಬಂದಿಲ್ಲ. ಅದಕ್ಕೇ ಕೇಳಿದ.

"ಸಿಟ್ಟು ಬಂತಾ? ದುಃಖ ಆಯ್ತಾ?"

"ನಾಚಿಕೆ ಆಯ್ತು ಕಣೋ," ಎಂದಳು ಏಲಮ್ಮ.

ಅವಳು ಹಾಗೆ ನೇರವಾಗಿ ಹೇಳಿದ್ದು ಅವನಿಗೆ ಪೂರ್ತಿ ಅರ್ಥವಾಯಿತು. ಮರುಪ್ರಶ್ನೆ ಕೇಳದೆ ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡು ಕೂತ.